ಗಿರಗಿರನೆ ತಿರುಗುವ ನ್ಯೂಟ್ರಾನ್ ನಕ್ಷತ್ರದ ಮೇಲೆ ನೌಕೆ ಇಳಿಸಬಹುದೇ? ಪದೇ ಪದೇ ಕೇಳುವ ಪ್ರಶ್ನೆಗಳು

2023ರ ಆಗಸ್ಟ್ 23ರ ಸಂಜೆ ವಿಕ್ರಮ್ ಚಂದ್ರನ ಮೇಲೆ ಇಳಿದದ್ದನ್ನು ನಾವೆಲ್ಲ ಉಸಿರು ಬಿಗಿಹಿಡಿದು ನೋಡಿದೆವು. ಅಲ್ಲಿ ಇಳಿಯಬಹುದಾದರೆ ಇನ್ನೆಲ್ಲೆಲ್ಲಿ ಇಳಿಯಬಹುದು ಎಂಬ ಕುತೂಹಲ ಸಹಜ. ಆ ಕುತೂಹಲವನ್ನು ಅದರ ತುದಿಯವರೆಗೆ ಎಳೆದುಕೊಂಡು ಹೋದರೆ ಸಿಗುವ ಪ್ರಶ್ನೆ ಇದು: ಸೆಕೆಂಡಿಗೆ ನೂರಾರು ಸುತ್ತು ಸುತ್ತುವ ನ್ಯೂಟ್ರಾನ್ ನಕ್ಷತ್ರದ ಮೇಲೆ ಇಳಿಯಬಹುದೇ? ಪ್ರಶ್ನೆ ವಿಚಿತ್ರವಾಗಿ ಕಂಡರೂ ಉತ್ತರ ಹುಡುಕುವ ದಾರಿಯಲ್ಲಿ ಕಲಿಯುವುದು ಬಹಳಷ್ಟಿದೆ. ಬೇರೆ ಹೇಳದ ಕಡೆಯೆಲ್ಲ ಸೂರ್ಯನ 1.4 ಪಟ್ಟು ದ್ರವ್ಯರಾಶಿ, 12 ಕಿ.ಮೀ. ತ್ರಿಜ್ಯ ಇರುವ ನಕ್ಷತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೇನೆ.

ಮೊದಲು ಒಂದೇ ಮಾತಿನಲ್ಲಿ ಹೇಳಿ. ಇಳಿಯಬಹುದೇ, ಇಲ್ಲವೇ?

ಇಲ್ಲ. ನೌಕೆಯಲ್ಲಿರುವ ಪರಮಾಣುಗಳು ಅಲ್ಲಿಗೆ ತಲುಪಬಹುದು, ನೌಕೆ ತಲುಪುವುದಿಲ್ಲ.

ಆದರೆ ಇದಕ್ಕೆ ಬಹಳ ಜನ ಊಹಿಸುವ ಕಾರಣ ಸರಿಯಲ್ಲ. "ಅಷ್ಟು ವೇಗವಾಗಿ ತಿರುಗಿದರೆ ಇಳಿದದ್ದನ್ನೆಲ್ಲ ಆಚೆ ಎಸೆದುಬಿಡುತ್ತದೆ" ಎಂಬ ಉತ್ತರವನ್ನೇ ಹೆಚ್ಚಾಗಿ ಕೇಳುತ್ತೇವೆ. ನಿಜಕ್ಕೂ ಇರುವ ಅಡ್ಡಿಗಳಲ್ಲಿ ತಿರುಗುವಿಕೆಯೇ ಎಲ್ಲಕ್ಕಿಂತ ಚಿಕ್ಕದು. ಗುರುತ್ವ ಮೊದಲನೆಯದು, ಎರಡನೆಯದೂ ಅದೇ. ಕಾಂತಕ್ಷೇತ್ರ, ವಿಕಿರಣಗಳು ಆಮೇಲೆ ಬರುತ್ತವೆ.

ನ್ಯೂಟ್ರಾನ್ ನಕ್ಷತ್ರ ಎಂದರೇನು? ಎಷ್ಟು ದೊಡ್ಡದು?

ಸೂರ್ಯನಿಗಿಂತ ಎಂಟು ಹತ್ತು ಪಟ್ಟು ಅಥವಾ ಇನ್ನೂ ಹೆಚ್ಚು ದ್ರವ್ಯರಾಶಿ ಇರುವ ನಕ್ಷತ್ರದ ಇಂಧನ ಮುಗಿದಾಗ ಅದರ ನಡುಭಾಗ ತನ್ನ ಭಾರಕ್ಕೇ ಕುಸಿಯುತ್ತದೆ. ಹೊರಪದರಗಳು ಸೂಪರ್‌ನೋವಾ ಆಗಿ ಸಿಡಿದುಹೋಗುತ್ತವೆ. ಒಳಗೆ ಉಳಿದ ಉಂಡೆಯಲ್ಲಿ ಎಲೆಕ್ಟ್ರಾನ್ ಪ್ರೋಟಾನ್‌ಗಳು ಸೇರಿ ಬಹುಪಾಲು ನ್ಯೂಟ್ರಾನ್‌ಗಳೇ ಆಗಿರುತ್ತವೆ. ಸೂರ್ಯನಿಗಿಂತ ಭಾರವಾದ ಈ ಉಂಡೆಯ ಇಡೀ ಮೇಲ್ಮೈ ಸುಮಾರು 1,800 ಚದರ ಕಿ.ಮೀ., ಅಂದರೆ ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತಲೂ ಕಡಿಮೆ. ಸರಾಸರಿ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ ಸುಮಾರು 38.5 ಕೋಟಿ ಟನ್.

ಕುಸಿಯುವಾಗ ಗಾತ್ರ ಕುಗ್ಗುವುದರಿಂದ ತಿರುಗುವ ವೇಗ ಏರುತ್ತದೆ, ಕಾಂತಕ್ಷೇತ್ರವೂ ದಟ್ಟವಾಗುತ್ತದೆ. ಕಾಂತಧ್ರುವಗಳ ಕಡೆಯಿಂದ ಹೊರಡುವ ರೇಡಿಯೋ ಕಿರಣ ಪ್ರತಿ ಸುತ್ತಿಗೊಮ್ಮೆ ಭೂಮಿಯ ಕಡೆ ಹಾಯ್ದರೆ ಅದು ನಮಗೆ ಮಿಡಿತವಾಗಿ ಕೇಳಿಸುತ್ತದೆ. ಅಂಥದ್ದನ್ನು ಪಲ್ಸಾರ್ ಎನ್ನುತ್ತೇವೆ. ಮೊದಲ ಪಲ್ಸಾರನ್ನು 1967ರಲ್ಲಿ ಕೇಂಬ್ರಿಜ್‌ನಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ಜೋಸೆಲಿನ್ ಬೆಲ್ ಗುರುತಿಸಿದರು. ಅದು 1.337 ಸೆಕೆಂಡಿಗೆ ಒಂದು ಸುತ್ತು ಹಾಕುತ್ತಿತ್ತು. ಆಗ ಅದೇ ದೊಡ್ಡ ವೇಗ ಎನಿಸಿತ್ತು.

ಎಲ್ಲಕ್ಕಿಂತ ವೇಗವಾಗಿ ತಿರುಗುವುದು ಯಾವುದು?

ಇದುವರೆಗೆ ಖಚಿತವಾಗಿ ಅಳೆದಿರುವ ಪಲ್ಸಾರ್‌ಗಳಲ್ಲಿ ಪಿಎಸ್‌ಆರ್ ಜೆ1748-2446ಎಡಿ. ಧನು ರಾಶಿಯ ದಿಕ್ಕಿನಲ್ಲಿರುವ ಟೆರ್ಜಾನ್ 5 ಎಂಬ ಗೋಳಾಕಾರದ ನಕ್ಷತ್ರಗುಚ್ಛದಲ್ಲಿದೆ. ಜೇಸನ್ ಹೆಸೆಲ್ಸ್ ಮತ್ತು ಸಂಗಡಿಗರು ಅಮೆರಿಕದ ಗ್ರೀನ್ ಬ್ಯಾಂಕ್ ದೂರದರ್ಶಕದ ದತ್ತಾಂಶದಲ್ಲಿ ಇದನ್ನು ಕಂಡುಹಿಡಿದು 2006ರಲ್ಲಿ ಪ್ರಕಟಿಸಿದರು. ಸೆಕೆಂಡಿಗೆ 716 ಸುತ್ತು. 12 ಕಿ.ಮೀ. ತ್ರಿಜ್ಯ ಎಂದುಕೊಂಡರೆ ಅದರ ಸಮಭಾಜಕದ ನೆಲ ಸೆಕೆಂಡಿಗೆ 54 ಸಾವಿರ ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಬೆಳಕಿನ ವೇಗದ ಶೇಕಡಾ 18.

ಗುಚ್ಛಗಳ ಹೊರಗೆ, ನಮ್ಮ ಆಕಾಶಗಂಗೆಯ ತಟ್ಟೆಯಲ್ಲಿ ಸಿಕ್ಕವುಗಳಲ್ಲಿ ಪಿಎಸ್‌ಆರ್ ಜೆ0952-0607 ಮುಂದಿದೆ: 707 ಸುತ್ತು.

ಹಾಗಿದ್ದರೂ ಆ ರಭಸಕ್ಕೆ ನೌಕೆ ಆಚೆ ಎಸೆಯಲ್ಪಡುವುದಿಲ್ಲವೇ?

ಲೆಕ್ಕ ಹಾಕಿಯೇ ನೋಡೋಣ. 716 ಸುತ್ತಿನ ವೇಗದಲ್ಲಿ ಸಮಭಾಜಕದ ಮೇಲಿರುವ ವಸ್ತುವಿನ ಮೇಲೆ ಆಗುವ ಕೇಂದ್ರಾಪಗಾಮಿ ಪರಿಣಾಮ, ಅಂದರೆ ತಿರುಗುವುದರಿಂದ ಹೊರಕ್ಕೆ ಎಸೆಯುವ ಬಲ, ಭೂಮಿಯ ಗುರುತ್ವದ ಸುಮಾರು 2,500 ಕೋಟಿ ಪಟ್ಟು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಅದೇ ಜಾಗದಲ್ಲಿ ಒಳಕ್ಕೆ ಎಳೆಯುವ ಗುರುತ್ವ, ನ್ಯೂಟನ್ನನ ಸೂತ್ರದ ಪ್ರಕಾರವೇ, ಭೂಮಿಯದರ 13 ಸಾವಿರ ಕೋಟಿ ಪಟ್ಟು. ಐನ್‌ಸ್ಟೈನರ ತಿದ್ದುಪಡಿ ಸೇರಿಸಿದರೆ 16 ಸಾವಿರ ಕೋಟಿ ಪಟ್ಟು ದಾಟುತ್ತದೆ. ಎಸೆಯುವ ಬಲ ಎಳೆಯುವ ಬಲದ ಐದನೇ ಒಂದು ಭಾಗವೂ ಇಲ್ಲ.

ಇದು ಹೀಗೇ ಇರಬೇಕು ಎಂಬುದನ್ನು ಸೂತ್ರವಿಲ್ಲದೆಯೂ ಕಾಣಬಹುದು. ಎಸೆಯುವ ಬಲವೇ ಗೆದ್ದಿದ್ದರೆ ಮೊದಲು ಹಾರಿಹೋಗಬೇಕಾದದ್ದು ನಕ್ಷತ್ರದ್ದೇ ನೆಲ. ನಕ್ಷತ್ರ ಒಡೆಯದೆ ಉಳಿದಿದೆ ಎಂದರೆ ಗುರುತ್ವ ಗೆದ್ದಿದೆ ಎಂದೇ ಅರ್ಥ. ಇಂಥ ನಕ್ಷತ್ರ ಚೂರಾಗಬೇಕಾದರೆ ಸೆಕೆಂಡಿಗೆ ಸಾವಿರಕ್ಕೂ ಮಿಕ್ಕಿ ಸುತ್ತಬೇಕು. ಆ ಮಿತಿಯ ಹತ್ತಿರ ಹೋದದ್ದು ಇದುವರೆಗೆ ಒಂದೂ ಸಿಕ್ಕಿಲ್ಲ, ಅದೇಕೆ ಎಂಬುದು ಇವತ್ತಿಗೂ ಸಂಶೋಧನೆಯ ವಿಷಯ.

ಒಂದು ವಿನಾಯಿತಿ ಹೇಳಲೇಬೇಕು. ತಿರುಗುವ ಕಾಂತಕ್ಷೇತ್ರ ದೂರದವರೆಗೆ ಚಾಚಿಕೊಂಡಿದ್ದರೆ, ಒಳಕ್ಕೆ ಬರುತ್ತಿರುವ ವಿದ್ಯುದಾವಿಷ್ಟ ಅನಿಲವನ್ನು ನೆಲ ಮುಟ್ಟುವ ಮೊದಲೇ ಅದು ಹೊರಕ್ಕೆ ಬೀಸಿ ಎಸೆಯಬಲ್ಲದು. ಇಲಾರಿಯೊನೊವ್ ಮತ್ತು ಸುನ್ಯಾಯೆವ್ ಎಂಬ ಇಬ್ಬರು ಸೋವಿಯತ್ ವಿಜ್ಞಾನಿಗಳು 1975ರಲ್ಲಿ ಇದನ್ನು ವಿವರಿಸಿದರು. ಅಲ್ಲೂ ಎಸೆಯುವುದು ಕಾಂತಕ್ಷೇತ್ರವೇ ಹೊರತು ನೆಲವಲ್ಲ.

ಅದಕ್ಕೆ ಅಷ್ಟು ವೇಗ ಬಂದದ್ದಾದರೂ ಎಲ್ಲಿಂದ?

ಈ ಪ್ರಶ್ನೆ ನನಗೆ ಬಹಳ ಇಷ್ಟ, ಯಾಕೆಂದರೆ ಇದರ ಉತ್ತರದಲ್ಲಿ ನಮ್ಮ ಬೆಂಗಳೂರಿದೆ.

1982ರಲ್ಲಿ ಪೋರ್ಟೊರಿಕೊದ ಅರೆಸಿಬೊ ದೂರದರ್ಶಕದಿಂದ ಸೆಕೆಂಡಿಗೆ 642 ಸುತ್ತು ಹಾಕುವ ಪಿಎಸ್‌ಆರ್ ಬಿ1937+21 ಪತ್ತೆಯಾಯಿತು. ಕೆಲವೇ ಮಿಲಿಸೆಕೆಂಡಿಗೆ (ಸೆಕೆಂಡಿನ ಸಾವಿರದ ಒಂದು ಭಾಗಕ್ಕೆ ಈ ಹೆಸರು) ಒಂದು ಸುತ್ತು ಮುಗಿಸುವ ಮಿಲಿಸೆಕೆಂಡ್ ಪಲ್ಸಾರ್‌ಗಳಲ್ಲಿ ಅದೇ ಮೊದಲನೆಯದು. ಡಾನ್ ಬ್ಯಾಕರ್ ಅವರ ಆ ತಂಡದಲ್ಲಿ ಹುಬ್ಬಳ್ಳಿಯಲ್ಲಿ ಶಾಲೆ ಓದಿದ, ಆಗಿನ್ನೂ ಬರ್ಕ್ಲಿಯಲ್ಲಿ ವಿದ್ಯಾರ್ಥಿಯಾಗಿದ್ದ ಶ್ರೀನಿವಾಸ ಕುಲಕರ್ಣಿ ಇದ್ದರು. ವಯಸ್ಸಾದಂತೆ ಪಲ್ಸಾರ್‌ಗಳ ವೇಗ ಇಳಿಯುತ್ತದೆ. ಹಾಗಾಗಿ ಇಷ್ಟು ವೇಗದ್ದು ತೀರಾ ಎಳೆಯದಾಗಿರಬೇಕಿತ್ತು. ಆದರೆ ಸುತ್ತಮುತ್ತ ಸೂಪರ್‌ನೋವಾದ ಅವಶೇಷವಿಲ್ಲ, ಕಾಂತಕ್ಷೇತ್ರವೂ ದುರ್ಬಲ. ಮುದುಕನ ಲಕ್ಷಣ, ಹುಡುಗನ ಓಟ.

ಅದೇ ವರ್ಷ ರಾಮನ್ ಸಂಶೋಧನಾ ಸಂಸ್ಥೆಯ ವಿ. ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್ ಇದಕ್ಕೊಂದು ವಿವರಣೆ ಕೊಟ್ಟರು. ಬೆಂಗಳೂರಿನಿಂದಲೇ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಸುಸ್ತಾಗಿ ನಿಧಾನವಾದ ಹಳೆಯ ನ್ಯೂಟ್ರಾನ್ ನಕ್ಷತ್ರಕ್ಕೆ ಜೊತೆಗಾರ ನಕ್ಷತ್ರವೊಂದಿದ್ದರೆ, ಆ ಜೊತೆಗಾರನ ಅನಿಲ ಸುತ್ತುತ್ತ ಸುತ್ತುತ್ತ ಇದರ ಮೇಲೆ ಬೀಳುತ್ತದೆ. ಬೀಳುವಾಗ ತನ್ನ ಸುತ್ತುವ ರಭಸವನ್ನೂ ಇದಕ್ಕೆ ಧಾರೆ ಎರೆಯುತ್ತದೆ. ಕೋಟ್ಯಂತರ ವರ್ಷ ಹೀಗೆ ನಡೆದು, ಸೂರ್ಯನ ಹತ್ತನೇ ಒಂದು ಭಾಗದಷ್ಟು ವಸ್ತು ಬಂದು ಸೇರಿದರೆ ಮಿಲಿಸೆಕೆಂಡಿನ ವೇಗ ಬಂದುಬಿಡುತ್ತದೆ. ಅಲ್ಪರ್ ಮತ್ತು ಸಂಗಡಿಗರು ಅದೇ ಹೊತ್ತಿಗೆ ಬೇರೆಯಾಗಿ ಇದೇ ತೀರ್ಮಾನಕ್ಕೆ ಬಂದಿದ್ದರು. 1998ರಲ್ಲಿ ಸಾಕ್ಷಿಯೂ ಸಿಕ್ಕಿತು: ಅನಿಲವನ್ನು ಎಳೆದುಕೊಳ್ಳುತ್ತಲೇ ಸೆಕೆಂಡಿಗೆ 401 ಸುತ್ತು ಹಾಕುವ ಸ್ಯಾಕ್ಸ್ ಜೆ1808.4-3658.

ಅಂದರೆ ವೇಗವಾಗಿ ತಿರುಗುವ ನ್ಯೂಟ್ರಾನ್ ನಕ್ಷತ್ರಕ್ಕೆ ಆ ವೇಗ ಬಂದದ್ದೇ ಅದರ ಮೇಲೆ ವಸ್ತು ಬಂದು ಇಳಿದದ್ದರಿಂದ. ವಸ್ತು ಇಳಿಯಲು ತಿರುಗುವಿಕೆ ಅಡ್ಡಿಯಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ನೆಲದ ಓಟಕ್ಕೆ ಸಮನಾಗಿ ಮೇಲೆ ಸುತ್ತುತ್ತ, ಆಮೇಲೆ ಮೆಲ್ಲಗೆ ಕೆಳಗಿಳಿದರೆ?

ಒಳ್ಳೆಯ ಉಪಾಯ. ಭೂಮಿಗೆ ಭೂಸ್ಥಿರ ಕಕ್ಷೆ ಇದೆ, ಸುಮಾರು 36 ಸಾವಿರ ಕಿ.ಮೀ. ಎತ್ತರದಲ್ಲಿ. ನಮ್ಮ ಟಿ.ವಿ. ಉಪಗ್ರಹಗಳು ಅಲ್ಲೇ ಇರುವುದು. 716 ಸುತ್ತಿನ ನಕ್ಷತ್ರಕ್ಕೂ ಅಂಥದೇ ಕಕ್ಷೆ ಇದೆ, ಆದರೆ ಕೇಂದ್ರದಿಂದ 21 ಕಿ.ಮೀ. ದೂರದಲ್ಲಿ. ಅಂದರೆ ನೆಲದಿಂದ ಬರೀ 9 ಕಿ.ಮೀ. ಮೇಲೆ! ಅಲ್ಲಿರುವ ನೌಕೆ ಸೆಕೆಂಡಿಗೆ 94 ಸಾವಿರ ಕಿ.ಮೀ. ವೇಗದಲ್ಲಿ, ಬೆಳಕಿನ ಶೇಕಡಾ 31ರಷ್ಟು ವೇಗದಲ್ಲಿ, ಸುತ್ತುತ್ತಿರಬೇಕು. ಕೆಳಗೆ ನೋಡಿದರೆ ನೆಲ ಅಲುಗದೆ ನಿಂತಂತೆ ಕಾಣುತ್ತದೆ.

ಲೆಕ್ಕದಲ್ಲಿ ಇದು ಸರಿ. ತೊಂದರೆ ಎರಡು. ಮೊದಲನೆಯದು, ಉಳಿದ 9 ಕಿ.ಮೀ. ಇಳಿಯುವಾಗ ಸಮತೋಲ ತಪ್ಪುತ್ತದೆ. ಒಂದಿಷ್ಟು ಕೆಳಗೆ ಬಂದರೂ ಗುರುತ್ವದ ಕೈ ಮೇಲಾಗುತ್ತದೆ. ಸುಮ್ಮನೆ ಬಿಟ್ಟರೆ ನೆಲ ಮುಟ್ಟುವಾಗ ನೆಲಕ್ಕೆ ಹೋಲಿಸಿದ ವೇಗವೇ ಸೆಕೆಂಡಿಗೆ 80 ಸಾವಿರ ಕಿ.ಮೀ. ದಾಟಿರುತ್ತದೆ. ತಡೆಯುತ್ತ ಇಳಿಯಬೇಕೆಂದರೆ ಭೂಮಿಯ ಗುರುತ್ವದ ಸಾವಿರಾರು ಕೋಟಿ ಪಟ್ಟು ತಳ್ಳುವ ಎಂಜಿನ್ ಬೇಕು. ಎರಡನೆಯದು, ಆ 21 ಕಿ.ಮೀ. ಕಕ್ಷೆಯವರೆಗೆ ನೌಕೆ ಇಡಿಯಾಗಿ ಬರುವುದೇ ಇಲ್ಲ. ಮುಂದಿನ ಉತ್ತರ ನೋಡಿ.

ನೌಕೆ ದಾರಿಯಲ್ಲೇ ಒಡೆದುಹೋಗುತ್ತದೆ ಎನ್ನುತ್ತಾರೆ. ಬೀಳುವಾಗ ತೂಕವೇ ಇರುವುದಿಲ್ಲವಲ್ಲ, ಮತ್ತೆ ಒಡೆಯುವುದೇಕೆ?

ಮುಕ್ತವಾಗಿ ಬೀಳುವ ವಸ್ತುವಿಗೆ ತೂಕದ ಅನುಭವ ಇಲ್ಲ, ನಿಜ. ಆದರೆ ಗುರುತ್ವ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ನಕ್ಷತ್ರಕ್ಕೆ ಹತ್ತಿರವಿರುವ ತುದಿಯನ್ನು ಹೆಚ್ಚು ಎಳೆಯುತ್ತದೆ, ದೂರದ ತುದಿಯನ್ನು ಕಡಿಮೆ. ಈ ವ್ಯತ್ಯಾಸವೇ ನೌಕೆಯನ್ನು ಉದ್ದಕ್ಕೆ ಹಿಗ್ಗಿಸುತ್ತದೆ, ಅಡ್ಡಕ್ಕೆ ಹಿಂಡುತ್ತದೆ. ನಮ್ಮ ಕಡಲಿನಲ್ಲಿ ಉಬ್ಬರವಿಳಿತ ತರುವುದೂ ಚಂದ್ರನ ಇದೇ ವ್ಯತ್ಯಾಸ.

ದೂರ ಕಡಿಮೆಯಾದಂತೆ ಇದು ಘನದ ಲೆಕ್ಕದಲ್ಲಿ ಏರುತ್ತದೆ. ದೂರ ಅರ್ಧವಾದರೆ ಹಿಗ್ಗಿಸುವ ಬಲ ಎಂಟು ಪಟ್ಟು. ಕೇಂದ್ರದಿಂದ 10,000 ಕಿ.ಮೀ. ದೂರದಲ್ಲಿ ಎರಡು ಮೀಟರ್ ಎತ್ತರದ ಮನುಷ್ಯನಿಗೆ ತಲೆ ಮತ್ತು ಕಾಲಿನ ನಡುವಿನ ವ್ಯತ್ಯಾಸ ಭೂಮಿಯ ಗುರುತ್ವದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ, ಗೊತ್ತಾಗುವುದೂ ಕಷ್ಟ. 2,000 ಕಿ.ಮೀ.ಗೆ ಬಂದರೆ ಅದು ಹತ್ತು ಪಟ್ಟು ಗುರುತ್ವವಾಗುತ್ತದೆ, ದೇಹ ತಾಳದು. ಹತ್ತು ಮೀಟರ್ ಉದ್ದದ ಗಟ್ಟಿ ಉಕ್ಕಿನ ಸಲಾಕೆ ಕೂಡ ಕೆಲವು ನೂರು ಕಿ.ಮೀ. ದೂರದಲ್ಲಿ ತುಂಡಾಗುತ್ತದೆ. 21 ಕಿ.ಮೀ. ಕಕ್ಷೆಯಲ್ಲಿ ಪ್ರತಿ ಮೀಟರಿಗೂ ವ್ಯತ್ಯಾಸ 40 ಲಕ್ಷ ಪಟ್ಟು ಗುರುತ್ವ. ಅಲ್ಲಿ ಬೋಲ್ಟು, ತಗಡು, ಕಂಪ್ಯೂಟರ್ ಚಿಪ್ ಯಾವುದೂ ಉಳಿಯುವುದಿಲ್ಲ.

ನೌಕೆಯನ್ನು ಚಿಕ್ಕದಾಗಿ ಮಾಡಿದರೆ? ಆಗ ಹೆಚ್ಚು ಹತ್ತಿರ ಹೋಗಬಹುದು, ಅದು ನಿಜ. ಉದ್ದ ಕಡಿಮೆಯಾದಷ್ಟೂ ತುದಿಗಳ ನಡುವಿನ ವ್ಯತ್ಯಾಸವೂ ಕಡಿಮೆ. ಅಕ್ಕಿಕಾಳಿನಷ್ಟು ಚಿಕ್ಕ ಉಪಕರಣ ಇನ್ನೂ ಆಳಕ್ಕೆ ಹೋಗಬಲ್ಲದು. ಇದು ಲೆಕ್ಕದಲ್ಲಿ ಸಿಗುವ ನಿಜವಾದ ಸಮಾಧಾನ. ಆದರೆ ಇಳಿಯುವ ಪ್ರಶ್ನೆಗೆ ಇದರಿಂದ ಪರಿಹಾರ ಸಿಗದು.

ಧ್ರುವದಲ್ಲಿ ಇಳಿದರೆ ತಿರುಗುವಿಕೆಯ ಗೊಡವೆಯೇ ಇಲ್ಲವಲ್ಲ?

ಹೌದು, ಅಕ್ಷದ ತುದಿಯಲ್ಲಿ ನೆಲ ಓಡುವುದಿಲ್ಲ. ಆದರೆ ಅಲ್ಲಿ ಕೇಂದ್ರಾಪಗಾಮಿ ಬಲದ ಅಲ್ಪ ಸಹಾಯವೂ ಇಲ್ಲ, ಹಾಗಾಗಿ ತೂಕ ಇನ್ನೂ ಹೆಚ್ಚು. ಜೊತೆಗೆ ಧ್ರುವದ ಮೇಲೆ ನಿಂತೇ ಇರುವ ಕಕ್ಷೆ ಯಾವುದೂ ಇಲ್ಲ.

ವೇಗ ತಗ್ಗಿಸಲು ಎಷ್ಟು ಇಂಧನ ಬೇಕು?

ದೂರದಿಂದ ಬೀಳುವ ವಸ್ತು ನೆಲ ಮುಟ್ಟುವಾಗ ಬೆಳಕಿನ ಶೇಕಡಾ 59ರಷ್ಟು ವೇಗ ಪಡೆದಿರುತ್ತದೆ, ಸೆಕೆಂಡಿಗೆ ಸುಮಾರು 1.76 ಲಕ್ಷ ಕಿ.ಮೀ. ಮನುಷ್ಯ ಮಾಡಿದ ವಸ್ತುಗಳಲ್ಲಿ ಅತಿ ವೇಗದ್ದು ಪಾರ್ಕರ್ ಸೌರ ಶೋಧಕ. 2024ರ ಡಿಸೆಂಬರ್ 24ರಂದು ಸೂರ್ಯನ ಹತ್ತಿರ ಹಾಯ್ದಾಗ ಅದರ ವೇಗ ಸೆಕೆಂಡಿಗೆ 192 ಕಿ.ಮೀ.

ನಮ್ಮ ಅತ್ಯುತ್ತಮ ರಾಸಾಯನಿಕ ರಾಕೆಟ್‌ನಲ್ಲಿ, ದ್ರವ ಜಲಜನಕ ಆಮ್ಲಜನಕ ಉರಿಸುವ ಕ್ರಯೋಜೆನಿಕ್ ಎಂಜಿನ್‌ನಲ್ಲಿ, ಹೊರಚಿಮ್ಮುವ ಅನಿಲದ ವೇಗ ಸೆಕೆಂಡಿಗೆ ಸುಮಾರು 4.5 ಕಿ.ಮೀ. ಪೂರ್ತಿ 1.76 ಲಕ್ಷ ಬೇಡ, ಬರೀ ಸೆಕೆಂಡಿಗೆ 1.25 ಲಕ್ಷ ಕಿ.ಮೀ. ವೇಗ ಇಳಿಸಬೇಕು ಎಂದುಕೊಂಡು ರಾಕೆಟ್ ಸಮೀಕರಣದಲ್ಲಿ ಹಾಕಿದರೆ, ನೌಕೆಯ ತೂಕದ ಎಷ್ಟು ಪಟ್ಟು ಇಂಧನ ಬೇಕು ಎಂಬುದಕ್ಕೆ 1ರ ಮುಂದೆ ಸುಮಾರು 12,000 ಸೊನ್ನೆಗಳಿರುವ ಸಂಖ್ಯೆ ಸಿಗುತ್ತದೆ. ಕಾಣುವ ವಿಶ್ವದಲ್ಲಿರುವ ಒಟ್ಟು ಪರಮಾಣುಗಳನ್ನು ಬರೆಯಲು 80 ಸೊನ್ನೆ ಸಾಕು. ಇದು ಎಂಜಿನಿಯರುಗಳು ಇನ್ನಷ್ಟು ಶ್ರಮಪಟ್ಟರೆ ಬಗೆಹರಿಯುವ ಕೊರತೆಯಲ್ಲ. ರಾಸಾಯನಿಕ ಇಂಧನ ಎಂಬ ದಾರಿಯೇ ಇಲ್ಲಿಗೆ ಮುಚ್ಚಿತು.

ಪ್ಯಾರಾಚೂಟ್?

ಗಾಳಿ ಬೇಕು. ಇಲ್ಲಿಯ ವಾತಾವರಣದ ದಪ್ಪ ಕೆಲವು ಸೆಂಟಿಮೀಟರ್ ಮಾತ್ರ, ಅದೂ ಲಕ್ಷಗಟ್ಟಲೆ ಡಿಗ್ರಿ ಬಿಸಿ.

ಬ್ರೇಕ್ ಹಾಕದೆ ಹಾಗೇ ಬಿಟ್ಟರೆ ಏನಾಗುತ್ತದೆ?

10,000 ಕಿ.ಮೀ. ದೂರದಲ್ಲಿ ನಿಂತ ಸ್ಥಿತಿಯಿಂದ ಬಿಟ್ಟರೆ ನೆಲ ಮುಟ್ಟಲು ಸುಮಾರು 2.6 ಸೆಕೆಂಡು. ಕೊನೆಯ 100 ಕಿ.ಮೀ. ದಾಟಲು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟರಲ್ಲಿ 716 ಸುತ್ತಿನ ನಕ್ಷತ್ರವೂ ಒಂದು ಸುತ್ತು ಮುಗಿಸಿರುವುದಿಲ್ಲ. ವಿಕ್ರಮ್ ಚಂದ್ರನ ಮೇಲೆ 30 ಕಿ.ಮೀ. ಎತ್ತರದಿಂದ ಇಳಿಯಲು ಸುಮಾರು 19 ನಿಮಿಷ ತೆಗೆದುಕೊಂಡಿತ್ತು. ಕ್ಯಾಮೆರಾ ನೋಡಿ, ಕಂಪ್ಯೂಟರ್ ಯೋಚಿಸಿ, ಎಂಜಿನ್ ತಿದ್ದಿಕೊಳ್ಳಲು ಅಲ್ಲಿ ಸಮಯವಿತ್ತು. ಇಲ್ಲಿ ಇಲ್ಲ.

ಬಿದ್ದಾಗ ಬಿಡುಗಡೆಯಾಗುವ ಶಕ್ತಿ ಆ ವಸ್ತುವಿನ ಒಟ್ಟು ದ್ರವ್ಯರಾಶಿ ಶಕ್ತಿಯ ಐದನೇ ಒಂದು ಭಾಗಕ್ಕೆ ಹತ್ತಿರ. ಹೈಡ್ರೋಜನ್ ಹೀಲಿಯಂ ಆಗುವ ಬೈಜಿಕ ಸಮ್ಮಿಳನದಲ್ಲೂ ಸಿಗುವುದು ಶೇಕಡಾ 0.7 ಮಾತ್ರ. ಒಂದು ಕಿಲೋ ಬಿದ್ದರೆ ಸುಮಾರು 40 ಲಕ್ಷ ಟನ್ ಟಿಎನ್‌ಟಿ ಸ್ಫೋಟಕಕ್ಕೆ ಸಮ. 1,750 ಕಿಲೋ ತೂಗುತ್ತಿದ್ದ ವಿಕ್ರಮ್‌ನಂಥ ನೌಕೆ ಬಿದ್ದರೆ 700 ಕೋಟಿ ಟನ್. ಒಂದು ಕ್ಷಣದ ಎಕ್ಸ್-ಕಿರಣದ ಮಿಂಚು, ಅಷ್ಟೇ. ಆ ನೌಕೆಯ ವಸ್ತುವನ್ನೆಲ್ಲ ನಕ್ಷತ್ರದ ಇಡೀ ಮೇಲ್ಮೈ ಮೇಲೆ ಸಮನಾಗಿ ಹರಡಿದರೆ ಅದರ ದಪ್ಪ ಒಂದೆರಡು ಪರಮಾಣುಗಳಷ್ಟು.

ಹೇಗೋ ಮೆತ್ತಗೆ ಇಳಿದೇಬಿಟ್ಟಿತು ಎಂದುಕೊಳ್ಳಿ. ಅಲ್ಲಿ ನಿಂತಿರಬಹುದೇ?

ನಿಲ್ಲಲಾಗದು. ಉಕ್ಕಿನ ಕಂಬವೊಂದು ಅಲ್ಲಿ ತನ್ನ ಭಾರಕ್ಕೇ ಅಪ್ಪಚ್ಚಿಯಾಗದೆ ನಿಲ್ಲಬಹುದಾದ ಎತ್ತರ ಸುಮಾರು 40 ನ್ಯಾನೋಮೀಟರ್. ಕೊರೊನಾ ವೈರಸ್ ಅದಕ್ಕಿಂತ ಎತ್ತರ. ವಜ್ರದ ಕಂಬವಾದರೂ ಕೂದಲೆಳೆಯ ದಪ್ಪಕ್ಕಿಂತ ಎತ್ತರ ನಿಲ್ಲಲಾರದು. ಒಂದು ಮೀಟರ್ ಎತ್ತರದಿಂದ ಏನನ್ನಾದರೂ ಬಿಟ್ಟರೆ ಅದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಲ್ಲಿ ನೆಲ ಮುಟ್ಟುತ್ತದೆ, ಆಗ ಅದರ ವೇಗ ಸೆಕೆಂಡಿಗೆ 1,800 ಕಿ.ಮೀ.

ನೆಲ ಮಾತ್ರ ಬಹಳ ಗಟ್ಟಿ. ಸುಮಾರು ಒಂದು ಕಿ.ಮೀ. ದಪ್ಪದ ಚಿಪ್ಪು, ಪರಮಾಣು ಬೀಜಗಳು ಸ್ಫಟಿಕದಂತೆ ಸಾಲಾಗಿ ಒತ್ತಿ ಜೋಡಿಸಿದ್ದು. 2009ರಲ್ಲಿ ಹೊರೊವಿಟ್ಜ್ ಮತ್ತು ಕಡಾವ್ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಅದು ಉಕ್ಕಿಗಿಂತ ಸಾವಿರ ಕೋಟಿ ಪಟ್ಟು ಬಲವಾದದ್ದು ಎಂದರು. ಇಷ್ಟಿದ್ದರೂ ಆ ಗುರುತ್ವದಲ್ಲಿ ಅಲ್ಲಿಯ 'ಬೆಟ್ಟ'ಗಳು ಮಿಲಿಮೀಟರುಗಳ ಲೆಕ್ಕವನ್ನು ಮೀರಲಾರವು. ನಾವು ತಿಳಿದಿರುವ ನಕ್ಷತ್ರಗಳಲ್ಲಿ ಇಷ್ಟು ನುಣುಪಾದ ಮೇಲ್ಮೈ ಇನ್ನೊಂದರದ್ದಿಲ್ಲ.

ಕಾಂತಕ್ಷೇತ್ರ ಮತ್ತು ವಿಕಿರಣದ ಕಥೆ ಏನು?

ಕಾಂತಕ್ಷೇತ್ರದ ಬಲವನ್ನು ಗೌಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಭೂಮಿಯ ಕಾಂತಕ್ಷೇತ್ರ ಸುಮಾರು ಅರ್ಧ ಗೌಸ್. ಮಿಲಿಸೆಕೆಂಡ್ ಪಲ್ಸಾರ್‌ಗಳದ್ದು 10 ಕೋಟಿ ಗೌಸ್ ಆಸುಪಾಸು. ನ್ಯೂಟ್ರಾನ್ ನಕ್ಷತ್ರಗಳ ಪೈಕಿ ಇದು ಕಡಿಮೆಯೇ. ಸಾಮಾನ್ಯ ಪಲ್ಸಾರ್‌ಗಳಲ್ಲಿ ಇದರ ಹತ್ತು ಸಾವಿರ ಪಟ್ಟು ಇರುತ್ತದೆ, ಮ್ಯಾಗ್ನೆಟಾರ್ ಎಂಬ ಅತಿ ಬಲವಾದ ಕಾಂತಕ್ಷೇತ್ರದ ನ್ಯೂಟ್ರಾನ್ ನಕ್ಷತ್ರಗಳಲ್ಲಿ ಹತ್ತು ಲಕ್ಷ ಪಟ್ಟಿಗೂ ಮಿಕ್ಕಿ. ಆ 'ಕಡಿಮೆ' ಕ್ಷೇತ್ರವನ್ನೇ ಲೋಹದ ನೌಕೆ ಸೆಕೆಂಡಿಗೆ 50 ಸಾವಿರ ಕಿ.ಮೀ. ವೇಗದಲ್ಲಿ ಅಡ್ಡ ಹಾಯ್ದರೆ ಪ್ರತಿ ಮೀಟರಿಗೆ 50 ಸಾವಿರ ಕೋಟಿ ವೋಲ್ಟ್ ಹುಟ್ಟುತ್ತದೆ. ಡೈನಮೋ ಕೆಲಸ ಮಾಡುವುದೂ ಇದೇ ತತ್ವದಿಂದ. ಇಲ್ಲಿ ಆ ವಿದ್ಯುತ್ತು ನೌಕೆಯನ್ನು ಆವಿ ಮಾಡುತ್ತದೆ.

ತಿರುಗುವಿಕೆ ನಿಜವಾಗಿ ಅಪಾಯ ತರುವುದು ಇಲ್ಲಿ. ಪಲ್ಸಾರ್ ತನ್ನ ತಿರುಗುವ ಶಕ್ತಿಯನ್ನೇ ಖರ್ಚು ಮಾಡಿ ವಿದ್ಯುತ್ಕಾಂತ ಅಲೆಗಳನ್ನೂ ಕಣಗಳ ಬಿರುಗಾಳಿಯನ್ನೂ ಹೊರಡಿಸುತ್ತದೆ. ಹತ್ತಿರದ ಪಿಎಸ್‌ಆರ್ ಜೆ0437-4715 ಹೀಗೆ ಕಳೆದುಕೊಳ್ಳುವ ಶಕ್ತಿ ಹೆಚ್ಚುಕಡಿಮೆ ಸೂರ್ಯನ ಒಟ್ಟು ಹೊಳಪಿನಷ್ಟೇ. 1054ರಲ್ಲಿ ಚೀನಾದವರು ದಾಖಲಿಸಿದ ಸೂಪರ್‌ನೋವಾದಿಂದ ಉಳಿದ ಏಡಿ ನೆಬುಲಾದ ಪಲ್ಸಾರ್ ಸೆಕೆಂಡಿಗೆ 30 ಸುತ್ತು ಮಾತ್ರ ಹಾಕುತ್ತದೆ. ಆದರೆ ಕಾಂತಕ್ಷೇತ್ರ ಬಲವಾಗಿರುವುದರಿಂದ ಅದು ಸೂರ್ಯನ ಒಂದು ಲಕ್ಷ ಪಟ್ಟಿಗೂ ಹೆಚ್ಚು ಶಕ್ತಿ ಸುರಿಯುತ್ತಿದೆ.

ಹಾಗಾದರೆ ಎಷ್ಟು ಹತ್ತಿರ ಹೋಗಬಹುದು?

ಉಬ್ಬರವಿಳಿತದ ಬಲವನ್ನಷ್ಟೇ ನೋಡಿದರೆ 10,000 ಕಿ.ಮೀ. ಕಕ್ಷೆಯಲ್ಲಿ ನೆಮ್ಮದಿಯಾಗಿರಬಹುದು. ಆ ಕಕ್ಷೆಯ ಒಂದು ಸುತ್ತಿಗೆ ಬೇಕಾಗುವ ಸಮಯ 14.6 ಸೆಕೆಂಡು! ಸೆಕೆಂಡಿಗೆ 4,300 ಕಿ.ಮೀ. ವೇಗ. ವಿಕಿರಣವನ್ನೂ ಲೆಕ್ಕಕ್ಕೆ ಹಿಡಿದರೆ ಕ್ರಿಯಾಶೀಲ ಪಲ್ಸಾರ್‌ನಿಂದ ಹತ್ತಾರು ಲಕ್ಷ ಕಿ.ಮೀ. ದೂರವೇ ಲೇಸು. ಹೆಚ್ಚು ಸದ್ದಿಲ್ಲದ, ತಣ್ಣಗಾಗುತ್ತಿರುವ ಹಳೆಯ ನ್ಯೂಟ್ರಾನ್ ನಕ್ಷತ್ರವನ್ನು ಆರಿಸಿಕೊಂಡರೆ ಹತ್ತಿರ ಹೋಗಬಹುದು. ಎಂದಾದರೂ ನೌಕೆ ಕಳಿಸುವ ಕಾಲ ಬಂದರೆ ನಾನಾದರೆ ಅಂಥದ್ದನ್ನೇ ಆರಿಸುತ್ತೇನೆ.

ಅಲ್ಲಿ ಗಡಿಯಾರ ನಿಧಾನವಾಗುತ್ತದೆಯೇ?

ಆಗುತ್ತದೆ. ನೆಲದ ಮೇಲೆ 8 ವರ್ಷ ಕಳೆದರೆ ದೂರದಲ್ಲಿರುವವರಿಗೆ ಸುಮಾರು 10 ವರ್ಷ ಕಳೆದಿರುತ್ತದೆ. ಬೆಳಕೂ ಬಾಗುತ್ತದೆ. ಚೆಂಡನ್ನು ನೋಡಿದರೆ ಅರ್ಧ ಭಾಗ ಕಾಣುವುದು ವಾಡಿಕೆ, ಆದರೆ ಈ ನಕ್ಷತ್ರದ ಮುಕ್ಕಾಲು ಪಾಲು ಮೇಲ್ಮೈ ಒಮ್ಮೆಗೇ ಕಾಣುತ್ತದೆ. ಹಿಂಬದಿಯಿಂದ ಹೊರಟ ಬೆಳಕೂ ಬಾಗಿ ಈಚೆಗೆ ಬರುವುದೇ ಕಾರಣ.

ಇದುವರೆಗೆ ಯಾವುದಾದರೂ ವಸ್ತು ಅದರ ಮೇಲೆ ಇಳಿದದ್ದನ್ನು ನೋಡಿದ್ದೇವೆಯೇ?

ದಿನವೂ ನೋಡುತ್ತೇವೆ. ಜೊತೆಗಾರ ನಕ್ಷತ್ರದ ಅನಿಲ ನ್ಯೂಟ್ರಾನ್ ನಕ್ಷತ್ರದ ಮೇಲೆ ಸುರಿಯುವಾಗ ಹೊರಡುವ ಎಕ್ಸ್-ಕಿರಣಗಳೇ ಆಕಾಶದ ಎಷ್ಟೋ ಪ್ರಖರ ಎಕ್ಸ್-ಕಿರಣ ಮೂಲಗಳಿಗೆ ಕಾರಣ. ಹೀಗೆ ಶೇಖರವಾದ ಹೈಡ್ರೋಜನ್, ಹೀಲಿಯಂ ಒಮ್ಮೆಲೇ ಹೊತ್ತಿಕೊಂಡು ಕೆಲವು ಸೆಕೆಂಡುಗಳಿಂದ ಕೆಲವು ನಿಮಿಷಗಳವರೆಗೆ ಉರಿಯುವುದೂ ಉಂಟು.

ಇನ್ನೂ ದೊಡ್ಡದೊಂದನ್ನು 2017ರ ಆಗಸ್ಟ್ 17ರಂದು ಕಂಡೆವು. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 4993 ಗೆಲಾಕ್ಸಿಯಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದನ್ನೊಂದು ಸುತ್ತುತ್ತ ಬಂದು ಡಿಕ್ಕಿಯಾದವು. ಲೈಗೊ ಮತ್ತು ವರ್ಗೊ ಎಂಬ ವೀಕ್ಷಣಾಲಯಗಳು ಆಗ ಹೊರಟ ಗುರುತ್ವ ಅಲೆಗಳನ್ನು ಹಿಡಿದವು, ಅದಾಗಿ ಎರಡು ಸೆಕೆಂಡಿನೊಳಗೆ ಗಾಮಾ ಕಿರಣ ಬಂತು. ಚಿನ್ನ, ಪ್ಲಾಟಿನಂನಂಥ ಭಾರದ ಧಾತುಗಳು ಇಂಥ ಡಿಕ್ಕಿಗಳಲ್ಲಿ ಹುಟ್ಟುತ್ತವೆ ಎಂಬ ವಾದಕ್ಕೆ ಆ ಘಟನೆ ಬಲವಾದ ಆಧಾರ ಕೊಟ್ಟಿತು.

ಹತ್ತಿರದ್ದು ಎಷ್ಟು ದೂರ?

ಮಿಲಿಸೆಕೆಂಡ್ ಪಲ್ಸಾರ್‌ಗಳಲ್ಲಿ ಈಗ ಹೇಳಿದ ಜೆ0437-4715 ನಮಗೆ ಬಹಳ ಹತ್ತಿರದ್ದು: ಸುಮಾರು 510 ಜ್ಯೋತಿರ್ವರ್ಷ. ಸೆಕೆಂಡಿಗೆ 173.7 ಸುತ್ತು, ಜೊತೆಯಲ್ಲೊಂದು ಶ್ವೇತಕುಬ್ಜ, ಅಂದರೆ ಇಂಧನ ಮುಗಿದು ಕುಗ್ಗಿದ ನಕ್ಷತ್ರ. ಸೌರವ್ಯೂಹದಿಂದಾಚೆ ಸಾಗುತ್ತಿರುವ ವಾಯೇಜರ್ 1 ನೌಕೆಯ ವೇಗದಲ್ಲಿ ಹೊರಟರೆ ಸುಮಾರು 90 ಲಕ್ಷ ವರ್ಷ ಬೇಕು.

ಹೋಗದೆ, ಇಳಿಯದೆ ಇಷ್ಟೆಲ್ಲ ಹೇಗೆ ಗೊತ್ತಾಯಿತು?

ಬಹುಪಾಲು ಎಕ್ಸ್-ಕಿರಣ ಮತ್ತು ರೇಡಿಯೋದಿಂದ. 2017ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಗೆ ಕೂರಿಸಿದ ನೈಸರ್ ಎಂಬ ದೂರದರ್ಶಕ ಪಲ್ಸಾರ್‌ನ ಬಿಸಿ ಮಚ್ಚೆಗಳು ತಿರುಗಿ ಬರುವುದನ್ನು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕಿಂತ ಸೂಕ್ಷ್ಮವಾಗಿ ಅಳೆದಿದೆ. ಬೆಳಕು ಎಷ್ಟು ಬಾಗಿತು ಎಂಬುದರಿಂದ ದ್ರವ್ಯರಾಶಿ, ತ್ರಿಜ್ಯಗಳ ಅಂದಾಜು ಸಿಗುತ್ತದೆ. ಜೆ0437-4715ಗೆ ಹೀಗೆ 2024ರಲ್ಲಿ ಸಿಕ್ಕ ತ್ರಿಜ್ಯ ಸುಮಾರು 11.4 ಕಿ.ಮೀ. ಅದೇ ನೈಸರ್ ಪಲ್ಸಾರ್‌ಗಳ ಮಿಡಿತವನ್ನು ಗಡಿಯಾರವಾಗಿಟ್ಟುಕೊಂಡು ನಿಲ್ದಾಣದ ಜಾಗವನ್ನು ಗುರುತಿಸಬಹುದು ಎಂಬುದನ್ನೂ ತೋರಿಸಿತು. ಇಳಿಯಲಾಗದ ಈ ನಕ್ಷತ್ರಗಳೇ ಮುಂದೆ ನೌಕೆಗಳಿಗೆ ದಾರಿ ತೋರಬಹುದು.

ನಮ್ಮವರೂ ಹಿಂದೆ ಬಿದ್ದಿಲ್ಲ. 2024ರ ಜನವರಿ 1ರಂದು ಇಸ್ರೊ ಹಾರಿಸಿದ ಎಕ್ಸ್‌ಪೋಸ್ಯಾಟ್ ಉಪಗ್ರಹದ ಪೋಲಿಕ್ಸ್ ಉಪಕರಣವನ್ನು ಕಟ್ಟಿದ್ದು ರಾಮನ್ ಸಂಶೋಧನಾ ಸಂಸ್ಥೆ. ಅನಿಲ ಸುರಿಯುತ್ತಿರುವ ನ್ಯೂಟ್ರಾನ್ ನಕ್ಷತ್ರಗಳ ಎಕ್ಸ್-ಕಿರಣದ ಧ್ರುವೀಕರಣವನ್ನು, ಅಂದರೆ ಅದರ ಅಲೆಗಳು ಯಾವ ದಿಕ್ಕಿನಲ್ಲಿ ಕಂಪಿಸುತ್ತವೆ ಎಂಬುದನ್ನು, ಅಳೆಯುವುದು ಅದರ ಗುರಿಗಳಲ್ಲಿ ಒಂದು. 1982ರಲ್ಲಿ ಕಾಗದದ ಮೇಲೆ ವಿವರಿಸಿದ ಸಂಸ್ಥೆಯೇ ಈಗ ಅಂಥ ನಕ್ಷತ್ರಗಳತ್ತ ಉಪಕರಣ ತಿರುಗಿಸಿರುವುದು ನನಗೆ ಬಹಳ ಸಂತೋಷದ ವಿಷಯ.

ನಕ್ಷತ್ರದ ಮೇಲೆ ಬೇಡ, ಅದರ ಸುತ್ತ ಇರುವ ಗ್ರಹದ ಮೇಲಾದರೂ ಇಳಿಯಬಹುದೇ?

ಇಳಿಯಬಹುದು! ಸೌರವ್ಯೂಹದ ಹೊರಗೆ ಮೊದಲು ಖಚಿತವಾದ ಗ್ರಹಗಳು ಸಿಕ್ಕಿದ್ದೇ ಒಂದು ಮಿಲಿಸೆಕೆಂಡ್ ಪಲ್ಸಾರ್ ಸುತ್ತ. 1992ರಲ್ಲಿ ವೊಲ್ಶ್‌ಚಾನ್ ಮತ್ತು ಫ್ರೇಲ್ ಪ್ರಕಟಿಸಿದ ಪಿಎಸ್‌ಆರ್ ಬಿ1257+12 ಸೆಕೆಂಡಿಗೆ ಸುಮಾರು 161 ಸುತ್ತು ಹಾಕುತ್ತದೆ. ಅದಕ್ಕೆ ಮೂರು ಗ್ರಹಗಳು. ಎರಡರ ದ್ರವ್ಯರಾಶಿ ಭೂಮಿಯ ನಾಲ್ಕು ಪಟ್ಟಿನ ಆಸುಪಾಸು, ಇನ್ನೊಂದು ಚಂದ್ರನ ಎರಡು ಪಟ್ಟಿನಷ್ಟು ಪುಟ್ಟದು. ಅಲ್ಲಿ ಇಳಿಯಲು ಗುರುತ್ವದ ತೊಂದರೆ ಇಲ್ಲ, ವಿಕಿರಣದಿಂದ ಉಪಕರಣಗಳನ್ನು ಕಾಪಾಡಿಕೊಂಡರಾಯಿತು. ದೂರ ಎರಡು ಸಾವಿರ ಜ್ಯೋತಿರ್ವರ್ಷಕ್ಕೂ ಹೆಚ್ಚು.

ಈ ಲೆಕ್ಕಗಳನ್ನು ನಾನೇ ಮಾಡಿ ನೋಡಬಹುದೇ?

ಖಂಡಿತ. ಪಿಯುಸಿ ಭೌತಶಾಸ್ತ್ರ ಸಾಕು. ಗುರುತ್ವ ಸ್ಥಿರಾಂಕವನ್ನು ನಕ್ಷತ್ರದ ದ್ರವ್ಯರಾಶಿಯಿಂದ ಗುಣಿಸಿ ಒಂದು ಕಡೆ ಬರೆದಿಟ್ಟುಕೊಳ್ಳಿ. ಎಲ್ಲ ಲೆಕ್ಕಕ್ಕೂ ಅದೇ ಬೇಕು. ಅದನ್ನು ತ್ರಿಜ್ಯದ ವರ್ಗದಿಂದ ಭಾಗಿಸಿದರೆ ಮೇಲ್ಮೈ ಗುರುತ್ವ. ಸೆಕೆಂಡಿನ ಸುತ್ತುಗಳನ್ನು 6.283ರಿಂದ ಗುಣಿಸಿದರೆ ಕೋನೀಯ ವೇಗ, ಅದರ ವರ್ಗವನ್ನು ತ್ರಿಜ್ಯದಿಂದ ಗುಣಿಸಿದರೆ ಕೇಂದ್ರಾಪಗಾಮಿ ವೇಗೋತ್ಕರ್ಷ. ಬರೆದಿಟ್ಟ ಸಂಖ್ಯೆಯನ್ನು ಕೋನೀಯ ವೇಗದ ವರ್ಗದಿಂದ ಭಾಗಿಸಿ ಘನಮೂಲ ತೆಗೆದರೆ, ನೆಲ ನಿಂತಂತೆ ಕಾಣುವ ಆ ಕಕ್ಷೆಯ ದೂರ. 716 ಸುತ್ತಿಗೆ 21 ಕಿ.ಮೀ. ಬಂತೇ ನೋಡಿ. ಜೆ0437-4715ರ 173.7 ಹಾಕಿದರೆ 54 ಕಿ.ಮೀ. ಬರಬೇಕು, ಏಡಿ ಪಲ್ಸಾರ್‌ನ 30 ಹಾಕಿದರೆ 174.